ಏಳು ದ್ವೀಪಗಳ ಮುಂಬಯಿ



ಕಡಲನ್ನೇ ಕಾಣದ ಚಿತ್ರದುರ್ಗದ ಬಂಡೆಗಳ ನಡುವೆ ನಿಂತು ದ್ವೀಪನಗರವೊಂದರ ಮಾತೆತ್ತುವುದು ನಿಮಗೆ ವಿಚಿತ್ರವೆನಿಸೀತು. ಆದರೆ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿಯು ಪುಣೆಯ ಮಾರ್ಗವಾಗಿ ಸೇರುವುದು ಮುಂಬಯಿಯನ್ನೇ.

ಇಂದು ಒಂದೇ ನೆಲವಾಗಿ ತೋರುವ ಹಳೆಯ ಮುಂಬಯಿಯು ಹಿಂದೆ ಏಳು ದ್ವೀಪಗಳಾಗಿತ್ತು. ಮಾಹಿಮ್, ವರ್ಲಿ, ಪರೇಲ್, ಮಜಗಾಂವ್, ಕೊಲಾಬಾ ಮೊದಲಾದ ಹೆಸರುಗಳು ಬಡಾವಣೆಗಳಾಗಿ ಉಳಿದಿವೆ. ಕೋಲಿ ಬೆಸ್ತರು ಅಲ್ಲಿಯ ಪುರಾತನ ನಿವಾಸಿಗಳು. ಈ ದ್ವೀಪಗಳು 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಹನಿಂದ ಪೋರ್ಚುಗೀಸರಿಗೆ ದೊರೆತವು. 1661ರ ವಿವಾಹ ಒಪ್ಪಂದದಿಂದ ಇಂಗ್ಲೆಂಡಿನ ದೊರೆಗೆ ಬಳುವಳಿಯಾದವು. 1668ರಲ್ಲಿ ವರ್ಷಕ್ಕೆ 10 ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಇಷ್ಟರಲ್ಲಿ ಬೆಸ್ತರ ಅಭಿಪ್ರಾಯವನ್ನು ಕೇಳಿದವರು ಯಾರು?

ದ್ವೀಪಗಳು ಕೂಡಿಕೊಂಡ ಬಗೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಗವರ್ನರ್ ಹಾರ್ನ್‌ಬಿಯ ಕಾಲದಲ್ಲಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ, ವರ್ಲಿಯ ಬಳಿ ಕಡಲು ಒಳನುಗ್ಗುತ್ತಿದ್ದ ಬಾಯಿಗೆ ಒಡ್ಡು ಕಟ್ಟಿದರು. ಜೌಗು ನೆಲವನ್ನು ಕ್ರಮೇಣ ಮಣ್ಣಿನಿಂದ ತುಂಬಿದರು. ಆವಾಬಾಯಿ ಜೀಜೀಭಾಯಿ ಎಂಬ ಪಾರ್ಸಿ ಮಹಿಳೆಯ ಉದಾರ ದಾನದಿಂದ 1845ರಲ್ಲಿ ಮಾಹಿಮ್ ಸೇತುದಾರಿ ತೆರೆಯಿತು. 1853ರಲ್ಲಿ ಠಾಣೆಗೆ ರೈಲು ಓಡಿತು. ಮುಂದಿನ ವರ್ಷಗಳಲ್ಲಿ ಹತ್ತಿಯ ಗಿರಣಿಗಳು ಎದ್ದವು. ಸುತ್ತ ನೀರಿದ್ದೂ ಕುಡಿಯಲು ನೀರಿಲ್ಲದ ಆ ಊರು 1860ರ ವೇಳೆಗೆ ವಿಹಾರ್ ಕೆರೆಯನ್ನು ಕಟ್ಟಿಸಿಕೊಳ್ಳಬೇಕಾಯಿತು. ನಮ್ಮ ಮಾರಿಕಣಿವೆಯ ಕಟ್ಟೆ 1907ರಲ್ಲಿ ಮುಗಿದುದನ್ನು ಬಲ್ಲ ಹಿರಿಯೂರಿನವರಿಗೆ ಈ ಬವಣೆಯನ್ನು ವಿವರಿಸಬೇಕಾಗಿಲ್ಲ.

ಕನ್ನಡಿಗರೂ ಅಲ್ಲಿಗೆ ಹೋದರು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಚರಿತ್ರೆಯು ಗವರ್ನರುಗಳ ಚರಿತ್ರೆಗಿಂತ ಕಿರಿದೆಂದು ನಾನು ಭಾವಿಸುವುದಿಲ್ಲ. 1926ರಲ್ಲಿ ಮೈಸೂರು ಅಸೋಸಿಯೇಷನ್ ಅಲ್ಲಿ ಹುಟ್ಟಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಹಿರಿಯೂರು ಸೀಮೆಯಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ವಿಹಾರ್, ಪೊವಾಯಿ ಕೆರೆಗಳ ಕೋಡಿಯ ನೀರನ್ನು ಮಾಹಿಮ್ ಕೊಲ್ಲಿಗೆ ಒಯ್ಯುವ ಮೀಠಿ ನದಿಯ ಇಕ್ಕೆಲಗಳನ್ನು ಕಟ್ಟಡಗಳೂ ಗುಡಿಸಲುಗಳೂ ಒತ್ತರಿಸಿದ್ದವು. ಕಡಲಿನಲ್ಲಿ ಉಬ್ಬರ, ನೀರಿಗೆ ಹೊರದಾರಿಯಿಲ್ಲ. ನೂರಾರು ಜನ ಸತ್ತರು. ನದೀತೀರದ ಗುಡಿಸಲುಗಳಲ್ಲಿ ಇದ್ದವರು ಬೇರೆಡೆ ನೆಲ ಕೊಳ್ಳಲಾರದೆ ಅಲ್ಲಿ ನೆಲಸಿದ್ದ ಕೂಲಿಕಾರರು.

ವರ್ಲಿಯ ಹಳೆಯ ಕೋಟೆಯ ಬುಡದಲ್ಲಿ ಬೆಸ್ತರ ಕೇರಿಯು ಇಂದಿಗೂ ಇದೆ. ಅಲ್ಲಿಂದ ದೋಣಿಗಳು ಮೀನಿಗೆ ಹೊರಡುತ್ತವೆ.