ಗುಂಡನಿಗೆ ಬರುವ ಏಳು ಕನ್ನಡ ಮಾತು

(ಹ್ಯೂಸ್ಟನ್ನಿನಲ್ಲಿ ಕನ್ನಡಿಗರ ಯುಗಾದಿ ಕೂಟದಲ್ಲಿ ಆಡಿದ ಮಾತುಗಳು)

ಒಬ್ಬಟ್ಟಿನ ಊಟಕ್ಕೆ ಮುಂಚೆ ಐದು ನಿಮಿಷ ಕೊಟ್ಟಿದ್ದೀರಿ. ಒಂದು ನಾಯಿಯ ವಿಷಯ ಹೇಳಿ ಮುಗಿಸುತ್ತೇನೆ.

ಎರಡು ವರ್ಷದ ಹಿಂದೆ ಇಲ್ಲಿನ ಒಂದು ಪ್ರಾಣಿ ಆಶ್ರಯ ಕೇಂದ್ರದಿಂದ ಅದನ್ನು ಮನೆಗೆ ತಂದೆವು. ಸಾಕಲಿಕ್ಕಲ್ಲ, ವಾಸಿ ಮಾಡಿ ಬೇರೊಂದು ಮನೆಗೆ ದತ್ತು ಕೊಡಲಿಕ್ಕೆ. ಯಾರದೋ ಹಿತ್ತಲಲ್ಲಿ ಸರಪಳಿಯಲ್ಲೇ ಬೆಳೆದ ನಾಯಿ; ಕುತ್ತಿಗೆಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ಟೆಕ್ಸಾಸಿನಲ್ಲಿ ನಾಯಿಯನ್ನು ಹೊರಗೆ ಒಂಟಿಯಾಗಿ ಸರಪಳಿಯಲ್ಲಿ ಕಟ್ಟಿಹಾಕುವುದು 2022ರ ಜನವರಿಯಿಂದ ಅಪರಾಧ. ಆದರೆ ಬೇಲಿಯಾಚೆ ನಡೆಯುವುದನ್ನು ಯಾರಾದರೂ ನೋಡಿ ಹೇಳಬೇಕಲ್ಲ?

ಎಲುಬು ಎಣಿಸಬಹುದಿತ್ತು. ನಮ್ಮ ಮಗಳು ಅದಕ್ಕೆ ಗುಂಡ ಎಂದೇ ಹೆಸರಿಟ್ಟಳು.

ಮೊದಲ ತಪ್ಪು ನನ್ನದೇ. ಹಸಿದ ಜೀವ ಅಂತ ಬಟ್ಟಲು ತುಂಬ ಮೊಸರನ್ನ ಹಾಕಹೊರಟೆ. ಡಾಕ್ಟರು ತಡೆದರು. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ತುಂಬಿಸಿದರೆ ರಕ್ತದ ಲವಣಾಂಶ ಏರುಪೇರಾಗಿ ಜೀವಕ್ಕೇ ಅಪಾಯವಂತೆ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕು ಸಲ ಹಾಕಿದೆವು.

ಆಮೇಲೆ ಗೊತ್ತಾಗಿದ್ದು ಹಾರ್ಟ್‌ವರ್ಮ್. ಸೊಳ್ಳೆಯಿಂದ ಬರುವ ಹುಳು. ಹೃದಯ, ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಿಯುದ್ದ ಬೆಳೆಯಬಲ್ಲದು. ತಿಂಗಳಿಗೊಂದು ಗುಳಿಗೆ ಕೊಡುತ್ತ ಬಂದಿದ್ದರೆ ತಡೆಯಬಹುದಿತ್ತು. ಬಂದ ಮೇಲೆ ಒಂದು ತಿಂಗಳು ಡಾಕ್ಸಿಸೈಕ್ಲಿನ್, ನಂತರ ಬೆನ್ನಿನ ಸ್ನಾಯುವಿಗೆ ಮೂರು ಇಂಜೆಕ್ಷನ್. ಸತ್ತ ಹುಳದ ಚೂರು ಶ್ವಾಸಕೋಶದ ನಾಳ ಮುಚ್ಚಿದರೆ ನಾಯಿ ಸಾಯಬಹುದು. ಆದ್ದರಿಂದ ಓಟ, ಆಟ ಎಲ್ಲ ಬಂದ್. ಸರಪಳಿ ಬಿಚ್ಚಿ ತಂದ ನಾಯಿಯನ್ನು ನಾವೇ ತಿಂಗಳುಗಟ್ಟಲೆ ಕ್ರೇಟಿನಲ್ಲಿಟ್ಟೆವು. ಇದು ನಿನ್ನ ಒಳ್ಳೆಯದಕ್ಕೆ ಎಂದು ಅದಕ್ಕೆ ಯಾವ ಭಾಷೆಯಲ್ಲಿ ಹೇಳುವುದು?

ಕನ್ನಡದಲ್ಲೇ ಹೇಳಿದೆವು. ಊರಿಂದ ಬಂದಿದ್ದ ನಮ್ಮತ್ತೆ ಮೊದಲು 'ಅಡುಗೆಮನೆ ಹತ್ರ ಬಿಡ್ಬೇಡಿ' ಎಂದಿದ್ದವರು. ಅವರೇ ಮಧ್ಯಾಹ್ನವೆಲ್ಲ ಕ್ರೇಟಿನ ಪಕ್ಕ ಕೂತು, ಬತ್ತಿ ಹೊಸೆಯುತ್ತ, 'ಸುಮ್ನಿರೋ ಗುಂಡ, ಆಯ್ತು, ಇನ್ನೊಂದ್ ವಾರ' ಎನ್ನುತ್ತಿದ್ದರು. ಕೈ ಎತ್ತಿದರೆ ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ ಗುಂಡ, ಒಂದು ದಿನ ಬಾಗಿಲು ತೆಗೆದಾಗ ಅವರ ಸೆರಗಿನ ಮೇಲೆ ತಲೆಯಿಟ್ಟು ಮಲಗಿದ.

ಏಳು ತಿಂಗಳ ಮೇಲೆ ದತ್ತು ಕೇಳಿಕೊಂಡು ವಯಸ್ಸಾದ ಅಮೆರಿಕನ್ ದಂಪತಿ ಬಂದರು. ಕೊಡುವುದೋ ಬೇಡವೋ ಎಂದು ಮನೆಯಲ್ಲಿ ಜಗಳವೇ ಆಯಿತು. ಆದರೆ ಗುಂಡನನ್ನು ಇಟ್ಟುಕೊಂಡರೆ, ಅಲ್ಲಿ ಕಾದಿರುವ ಮುಂದಿನ ನಾಯಿಗೆ ನಮ್ಮಲ್ಲಿ ಜಾಗವಿಲ್ಲ. ಕೊಟ್ಟೆವು. ಎರಡು ದಿನ ಮಾತು ಬಿಟ್ಟಿದ್ದ ಮಗಳು ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿ ಬರೆದುಕೊಟ್ಟಳು: ಬಾ, ಕೂತ್ಕೋ, ಬೇಡ, ಸಾಕು, ಊಟ, ಸುಮ್ನಿರು, ಜಾಣ. ಮೊನ್ನೆ ವಿಡಿಯೋ ಕಳಿಸಿದ್ದರು. ಆ ಅಜ್ಜ 'ಕೂಟ್ಕೋ' ಎನ್ನುತ್ತಾರೆ, ಗುಂಡ ಕೂರುತ್ತಾನೆ.

ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 950ರ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ್ದು. ಕನ್ನಡದಲ್ಲಿ ನಾಯಿಯ ಹೆಸರು ಕೆತ್ತಿ ಸಾವಿರ ವರ್ಷ ದಾಟಿದೆ.

ಗುಂಡನ ನಂತರ ನಮ್ಮ ಮನೆಗೆ ಇನ್ನಿಬ್ಬರು ಬಂದು ಹೋದರು. ಈ ಬೇಸಿಗೆಗೆ ನಾವು ಊರಿಗೆ ಹೊರಟಿದ್ದೇವೆ, ಕ್ರೇಟು ಗ್ಯಾರೇಜಿನಲ್ಲಿ ಖಾಲಿ ಇರುತ್ತದೆ. ನಿಮ್ಮಲ್ಲಿ ಯಾರಾದರೂ ಒಯ್ಯುವುದಾದರೆ ಊಟದ ಮೇಲೆ ನನ್ನನ್ನು ಹುಡುಕಿ.