ಊರಿನ ಲೆಕ್ಕವನ್ನು ಊರೇ ಕೇಳಲಿ

(ಮಾಹಿತಿ ಹಕ್ಕಿನ ಕುರಿತು ಪಟ್ಟಣದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಅನೇಕ ಮಸೀದಿಗಳಲ್ಲಿ ಒಂದು ಉತ್ತಮ ರೂಢಿಯಿದೆ. ಚಂದಾ ಎಷ್ಟು ಬಂತು, ವಿದ್ಯುತ್ ಬಿಲ್ಲಿಗೆ ಎಷ್ಟು ಹೋಯಿತು, ದುರಸ್ತಿಗೆ ಎಷ್ಟು ತಗಲಿತು ಎಂಬುದನ್ನು ಫಲಕದಲ್ಲಿ ಬರೆದು ಹಾಕುತ್ತಾರೆ ಅಥವಾ ಜುಮಾ ನಮಾಝಿನ ಬಳಿಕ ಓದಿ ಹೇಳುತ್ತಾರೆ. ಲೆಕ್ಕದಲ್ಲಿ ಸಂಶಯ ಬಂದರೆ ಕೂಲಿ ಮಾಡುವವನೂ ಎದ್ದು ನಿಂತು ಪ್ರಶ್ನಿಸುತ್ತಾನೆ. ಅದನ್ನು ಯಾರೂ ಉದ್ಧಟತನವೆಂದು ಭಾವಿಸುವುದಿಲ್ಲ. ಏಕೆಂದರೆ ಹಣ ಎಲ್ಲರದ್ದು. ಆದರೆ ಅದೇ ಮಸೀದಿಯ ಮುಂದಿರುವ ಚರಂಡಿಗೆ ಪುರಸಭೆಯು ಎಷ್ಟು ಲಕ್ಷ ವ್ಯಯಿಸಿದೆ ಎಂದು ಕೇಳಿ ನೋಡಿ. ಬೀದಿಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆ ಹಣವೂ ನಮ್ಮದೇ ಅಲ್ಲವೇ? ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿಯ ಪರವಾನಿಗೆ ಶುಲ್ಕ ಇವೆಲ್ಲ ನಮ್ಮ ಜೇಬಿನಿಂದಲೇ ಹೋಗುತ್ತವೆ. ಒಂದು ಸಾಬೂನು ಖರೀದಿಸುವ ಬಡ ವಿಧವೆಯೂ ಈ ದೇಶದಲ್ಲಿ ತೆರಿಗೆ ಪಾವತಿಸುತ್ತಾಳೆ.

ಪಟ್ಟಣವಾಸಿಗಳಿಗೆ ಒಂದು ವಿಶೇಷ ತೊಡಕಿದೆ. ಹಳ್ಳಿಗಳಲ್ಲಿ ಗ್ರಾಮಸಭೆಯೆಂಬ ವ್ಯವಸ್ಥೆಯಾದರೂ ಇದೆ. ಅಲ್ಲಿ ಕಾಮಗಾರಿಯ ಬಗ್ಗೆ, ಫಲಾನುಭವಿಗಳ ಬಗ್ಗೆ ನೇರವಾಗಿ ಕೇಳಬಹುದು. ನಗರಗಳಿಗಾಗಿ 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿಯಾಯಿತು. ಆದರೆ ಅದು ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಕರ್ನಾಟಕದಲ್ಲಿ ಪಟ್ಟಣ ಪಂಚಾಯತಿಯೆಂದರೆ 10ರಿಂದ 20 ಸಾವಿರ ಜನಸಂಖ್ಯೆಯದು, ಪುರಸಭೆಯೆಂದರೆ 20ರಿಂದ 50 ಸಾವಿರದ್ದು. ಹೀಗಾಗಿ ಇಂತಹ ಊರುಗಳ ಜನರಿಗೆ ಐದು ವರ್ಷಕ್ಕೊಮ್ಮೆ ಮತ ಹಾಕುವುದನ್ನು ಬಿಟ್ಟರೆ ಲೆಕ್ಕ ಕೇಳುವ ವೇದಿಕೆಯೇ ಇಲ್ಲದಂತಾಗಿದೆ. ಈ ಕೊರತೆಯನ್ನು ತುಂಬಬಲ್ಲದ್ದು 2005ರ ಮಾಹಿತಿ ಹಕ್ಕು ಕಾಯ್ದೆ.

ಈ ಕಾಯ್ದೆಯನ್ನು ಯಾವುದೇ ಸರಕಾರ ಔದಾರ್ಯದಿಂದ ನೀಡಿದ್ದಲ್ಲ. 1990ರಲ್ಲಿ ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಸ್ಥಾಪಿಸಿದರು. ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ಣ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಎಂದು ಅವರು ಕೇಳಿದರು. ಅದು ಗುಪ್ತ ದಾಖಲೆ ಎಂಬ ಉತ್ತರ ಬಂತು. 1994ರ ಡಿಸೆಂಬರ್‌ನಿಂದ ಅವರು ದಾಖಲೆಗಳನ್ನು ಜನರ ಮುಂದೆ ಓದುವ ಸಾರ್ವಜನಿಕ ವಿಚಾರಣೆಗಳನ್ನು ಆರಂಭಿಸಿದರು. 1996ರ ಎಪ್ರಿಲ್‌ನಲ್ಲಿ ಬ್ಯಾವರ್ ಎಂಬ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಹಳ್ಳಿಗರೊಂದಿಗೆ ಆ ಪಟ್ಟಣದ ವ್ಯಾಪಾರಿಗಳೂ ಕಾರ್ಮಿಕರೂ ನಿಂತರು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆಯಾಗಿತ್ತು. ಅಕ್ಷರ ಬಾರದ ಕೂಲಿಕಾರರು ಎತ್ತಿದ ಬೇಡಿಕೆ ಒಂಬತ್ತು ವರ್ಷಗಳ ಬಳಿಕ ದೇಶದ ಕಾನೂನಾಯಿತು.

ಕಾನೂನು ನೀಡಿರುವುದು ಕಡಿಮೆಯೇನಲ್ಲ. ಯಾರೂ ಅರ್ಜಿ ಹಾಕುವ ಮುನ್ನವೇ 17 ಬಗೆಯ ಮಾಹಿತಿಯನ್ನು ಕಚೇರಿಯು ತಾನಾಗಿಯೇ ಪ್ರಕಟಿಸಬೇಕೆಂದು 4ನೇ ಕಲಂ ವಿಧಿಸುತ್ತದೆ. ಆಯವ್ಯಯ, ಸಹಾಯಧನದ ಮೊತ್ತ, ಫಲಾನುಭವಿಗಳ ವಿವರ ಎಲ್ಲವೂ ಅದರಲ್ಲಿ ಸೇರಿವೆ. ಇದು ಸರಿಯಾಗಿ ಜಾರಿಯಾಗಿದ್ದರೆ ಅರ್ಧದಷ್ಟು ಅರ್ಜಿಗಳ ಅಗತ್ಯವೇ ಬೀಳುತ್ತಿರಲಿಲ್ಲ. ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ನೀಡಬೇಕು. ಏಕೆ ಕೇಳುತ್ತಿದ್ದೀರಿ ಎಂದು ಪ್ರಶ್ನಿಸುವ ಅಧಿಕಾರ ಅವರಿಗಿಲ್ಲ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ವಿಳಂಬಿಸಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ. ದಂಡ ವಿಧಿಸಬಹುದು.

ಕೇಳುವ ಕ್ರಮವನ್ನು ನಾವು ಅರಿತಿರಬೇಕು. ‘ನಮ್ಮ ಬೀದಿಯನ್ನು ಏಕೆ ಕಡೆಗಣಿಸಿದ್ದೀರಿ?’ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಕಾಯ್ದೆಯಡಿ ಅದಕ್ಕೆ ಉತ್ತರ ಸಿಗದು. ಕಚೇರಿಯಲ್ಲಿರುವ ದಾಖಲೆಯನ್ನಷ್ಟೇ ಕೇಳಬಹುದು. ಆದುದರಿಂದ ಕಾಮಗಾರಿಯ ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಪಾವತಿಸಿದ ಬಿಲ್ಲು ಇವುಗಳನ್ನು ಹೆಸರಿಸಿ ಕೇಳಬೇಕು. ಅಳತೆ ಪುಸ್ತಕದಲ್ಲಿ ನೂರು ಮೀಟರ್ ಎಂದಿದ್ದು ಬೀದಿಯಲ್ಲಿ ಅರುವತ್ತೇ ಇದ್ದರೆ ಯಾವ ಭಾಷಣವೂ ಬೇಡ, ಒಂದು ಅಳತೆ ಟೇಪು ಸಾಕು. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ನಮಗಿದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ ಕೇವಲ 10 ರೂಪಾಯಿ. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕೆಂಬ ನಿಯಮ 2008ರಲ್ಲಿ ಬಂದಿದೆ. ಕಾಲೇಜಿಗೆ ಹೋಗುವ ನಮ್ಮ ಮಗಳು ಅರ್ಧ ಗಂಟೆಯಲ್ಲಿ ಬರೆಯಬಲ್ಲ ಅರ್ಜಿಯಿದು.

ಹಾಗಿದ್ದೂ ಜನರು ಹಿಂಜರಿಯುವುದೇಕೆ? ಖಾತೆ ಬದಲಾವಣೆಗೆ, ಜನನ ಪ್ರಮಾಣಪತ್ರಕ್ಕೆ ನಾಳೆ ಅದೇ ಮೇಜಿನ ಮುಂದೆ ನಿಲ್ಲಬೇಕಲ್ಲ ಎಂಬ ಅಳುಕು. ಸಣ್ಣ ಊರಿನಲ್ಲಿ ಅರ್ಜಿದಾರ, ಗುತ್ತಿಗೆದಾರ, ಸದಸ್ಯ ಎಲ್ಲರೂ ಪರಸ್ಪರ ಪರಿಚಿತರು. ಅರ್ಜಿ ಬಿದ್ದ ಸಂಜೆಯೇ ಮನೆಗೆ ಸುದ್ದಿ ಮುಟ್ಟುತ್ತದೆ. ಈ ಭಯ ನಿರಾಧಾರವಲ್ಲ. ಪುಣೆಯ ಸಮೀಪದ ತಳೇಗಾಂವ್ ದಾಭಾಡೆಯಲ್ಲಿ ಭೂ ಅಕ್ರಮಗಳನ್ನು ಬಯಲಿಗೆಳೆದಿದ್ದ ಸತೀಶ್ ಶೆಟ್ಟಿಯವರನ್ನು 2010ರ ಜನವರಿ 13ರಂದು ಬೆಳಗಿನ ನಡಿಗೆಯ ವೇಳೆ ಕೊಲೆ ಮಾಡಲಾಯಿತು. ಒಂಟಿಯಾಗಿ ಕೇಳುವವನನ್ನು ಹೆದರಿಸುವುದು ಸುಲಭ. ಒಂದೇ ವಿಷಯದ ಬಗ್ಗೆ ಇಪ್ಪತ್ತು ಮನೆಗಳಿಂದ ಇಪ್ಪತ್ತು ಅರ್ಜಿಗಳು ಹೋದರೆ ಯಾರನ್ನು ಹೆದರಿಸುವುದು? ಆ ಇಪ್ಪತ್ತರಲ್ಲಿ ಎಲ್ಲ ಸಮುದಾಯಗಳ ಹೆಸರುಗಳೂ ಇರಲಿ. ಹೂಳು ತುಂಬಿದ ಚರಂಡಿಗೆ ಜಾತಿ ಧರ್ಮಗಳಿಲ್ಲ, ಡೆಂಗೀ ಸೊಳ್ಳೆಗೂ ಇಲ್ಲ. ನಮ್ಮ ಮೊಹಲ್ಲಾದ ಲೆಕ್ಕವನ್ನಷ್ಟೇ ಕೇಳಿದರೆ ಅದು ದೂರಾಗುತ್ತದೆ. ಊರಿನ ಎಲ್ಲ ವಾರ್ಡುಗಳ ಲೆಕ್ಕ ಕೇಳಿದರೆ ಅದು ನಾಗರಿಕತ್ವವಾಗುತ್ತದೆ. ಯಾವ ವಾರ್ಡಿಗೆ ಎಷ್ಟು ಸಂದಿದೆ, ಯಾವುದು ಕಡೆಗಣಿಸಲ್ಪಟ್ಟಿದೆ ಎಂಬುದೂ ಆಗಲೇ ಸ್ಪಷ್ಟವಾಗುತ್ತದೆ.

ಈ ಹಕ್ಕು ದುರ್ಬಲವಾಗುತ್ತಿದೆ ಎಂಬುದನ್ನೂ ಗಮನಿಸಬೇಕು. ಆಯೋಗದಲ್ಲಿ ಮೇಲ್ಮನವಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ 8(1)(ಜೆ) ಕಲಂಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ನಿರಾಕರಿಸುವ ದಾರಿಯನ್ನು ಅಗಲಗೊಳಿಸಿದೆ. ಆದರೆ ಸಾರ್ವಜನಿಕ ಹಿತವೇ ಮೇಲಾದಾಗ ಮಾಹಿತಿ ನೀಡಬಹುದೆಂಬ 8(2)ನೇ ಕಲಂ ಇನ್ನೂ ಉಳಿದಿದೆ. ಬಳಸದ ಹಕ್ಕನ್ನು ಕಸಿದುಕೊಳ್ಳುವುದು ಸುಲಭ.

ಕೊನೆಯದಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತು. ಮಾಹಿತಿ ಪಡೆದು ಗುತ್ತಿಗೆದಾರನೊಂದಿಗೆ ಚೌಕಾಶಿಗಿಳಿಯುವವರು ಈ ಕಾಯ್ದೆಯ ಶತ್ರುಗಳು. ಅಂಥವರಿಗೆ ನಮ್ಮ ನಡುವೆ ಗೌರವ ಸಿಗಕೂಡದು. ಹಾಗೆಯೇ, ಪುರಸಭೆಯ ಲೆಕ್ಕ ಕೇಳುವ ಸಮುದಾಯವು ತನ್ನ ಲೆಕ್ಕವನ್ನೂ ತೆರೆದಿಡಬೇಕು. ರಾಜ್ಯ ವಕ್ಫ್ ಮಂಡಳಿಯೂ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ. ವಕ್ಫ್ ಅಂಗಡಿಗಳ ಬಾಡಿಗೆ ಎಷ್ಟು, ಬಾಕಿ ಯಾರದ್ದು ಎಂಬ ಪ್ರಶ್ನೆಗೆ ಮುಖ ಗಂಟಿಕ್ಕುವವರು ಪುರಸಭೆಯ ಬಾಗಿಲಲ್ಲಿ ನಿಂತು ಪಾರದರ್ಶಕತೆಯ ಮಾತಾಡಿದರೆ ಯಾರು ಕೇಳುತ್ತಾರೆ?

ಈ ವರ್ಷ ನಮ್ಮ ಊರಿನಲ್ಲಿ ಪೂರ್ಣಗೊಂಡ ಕಾಮಗಾರಿಗಳ ಪಟ್ಟಿಯನ್ನು ಕೇಳುವುದರಿಂದ ಆರಂಭಿಸೋಣ. ಸಿಕ್ಕಿದ ಉತ್ತರವನ್ನು ಜನರ ಮುಂದೆ ಓದೋಣ. ಒಳ್ಳೆಯ ಕೆಲಸವಾಗಿದ್ದರೆ ಅಧಿಕಾರಿಗಳನ್ನು ಬಹಿರಂಗವಾಗಿ ಅಭಿನಂದಿಸೋಣ, ಆಗಿಲ್ಲದಿದ್ದರೆ ಮುಂದಿನ ಅರ್ಜಿ ಬರೆಯೋಣ.