ಮನೆಯಂಗಳದ ಮೋಟಾರು ರಿಪೇರಿ

ಮನೆಯಲ್ಲೇ ಕಾರು ರಿಪೇರಿಗೆ ಕೈಹಾಕಿ ನಗೆಪಾಟಲಾಗುವವರುಂಟು. ಎಂಜಿನ್ನಿನ ಎಣ್ಣೆ ಬಸಿಯಹೋಗಿ ಗೇರುಬಾಕ್ಸಿನ ಬೋಲ್ಟು ಬಿಚ್ಚುತ್ತಾರೆ. ಅನಂತರ ಎಂಜಿನ್ನಿಗೆ ಹೊಸ ಎಣ್ಣೆ ಸುರಿದರೆ ಅಲ್ಲಿ ಇಮ್ಮಡಿ, ಗೇರುಬಾಕ್ಸು ಬರಿದು! ಕೆಲವರು ಗಾಡಿಯನ್ನು ಎತ್ತಿದ ಮೇಲೆ ನಟ್ಟು ಸಡಿಲಿಸಹೊರಡುತ್ತಾರೆ; ನಟ್ಟಿನ ಬದಲು ಚಕ್ರವೇ ತಿರುಗುತ್ತದೆ. ಇವೆಲ್ಲ ನಗೆಯಲ್ಲಿಯೋ ಹಣದಲ್ಲಿಯೋ ತೀರುವ ತಪ್ಪುಗಳು.

ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ನುಸುಳುವುದು ಮಾತ್ರ ಹಾಗಲ್ಲ. ಸಣ್ಣ ಕಾರೇ ಸುಮಾರು 700 ಕಿಲೋಗ್ರಾಂ ತೂಗುತ್ತದೆ. ಜಾಕು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲ, ಎಳೆದ ಹ್ಯಾಂಡ್‌ಬ್ರೇಕು, ಚಕ್ರಕ್ಕೆ ಅಡ್ಡಗಟ್ಟೆ, ಕೆಳಗೆ ಉಕ್ಕಿನ ಸ್ಟ್ಯಾಂಡು: ಇವಿಲ್ಲದೆ ಕೆಳಗೆ ಹೋಗಬೇಡಿ. ಇಟ್ಟಿಗೆ ಸಲ್ಲದು; ಭಾರಕ್ಕೆ ಥಟ್ಟನೆ ಒಡೆದೀತು. ಸಂದೇಹವಿದ್ದರೆ ಬಲ್ಲವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.